ಕಾಗದ ಹೇಳಿದ್ದು, ನೆಲ ಹೇಳಿದ್ದು: ಮಸ್ಕಿ, ಲಿಂಗಸುಗೂರು, ಸಿಂಧನೂರು ಕಲಿಸುವ ಕ್ಷೇತ್ರಕಾರ್ಯ

1915ರಲ್ಲಿ ಮಸ್ಕಿಗೆ ಬಂದ ಸಿ. ಬೀಡನ್ ಅವರು ಹುಡುಕುತ್ತಿದ್ದುದು ಚಿನ್ನವನ್ನು. ಅವರು ಗಣಿ ಎಂಜಿನಿಯರ್. ಹತ್ತಿರದಲ್ಲೇ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಇದೆ. ಅಲ್ಲಿ ಹಿಂದಿನವರು ಚಿನ್ನಕ್ಕಾಗಿ ತೋಡಿದ್ದ ಹಳೆಯ ಗುಂಡಿಗಳೇ ಹೊಸ ಗಣಿಗಾರರಿಗೆ ದಾರಿ ತೋರಿಸಿದ್ದವು. ಅಂಥ ಸೀಮೆಯಲ್ಲಿ ಕಲ್ಲನ್ನು ನೋಡುತ್ತ ತಿರುಗುತ್ತಿದ್ದ ಬೀಡನ್ ಅವರ ಕಣ್ಣಿಗೆ ಮಸ್ಕಿಯ ಗುಡ್ಡದ ಬಂಡೆಯೊಂದರ ಮೇಲೆ ಅಕ್ಷರಗಳು ಬಿದ್ದವು. ಅಕ್ಷರ ಓದುವುದು ಅವರ ಕೆಲಸವಾಗಿರಲಿಲ್ಲ. ಆದರೂ ಕಂಡದ್ದನ್ನು ಬಲ್ಲವರಿಗೆ ಮುಟ್ಟಿಸಿದರು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಸಂಪಾದಿಸಿದರು. ಅದೇ ವರ್ಷ ನಿಜಾಮರ ಹೈದರಾಬಾದು ಸಂಸ್ಥಾನದ ಪುರಾತತ್ವ ಮಾಲೆಯ ಮೊದಲ ಪುಸ್ತಿಕೆಯಾಗಿ ಅದು ಪ್ರಕಟವಾಯಿತು.

ಆ ಬಂಡೆಯಲ್ಲಿದ್ದುದು ಒಂದು ಹೆಸರು: ಅಶೋಕ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ದೇಶದ ಬಂಡೆಗಳಲ್ಲೂ ಕಂಬಗಳಲ್ಲೂ ಸಿಕ್ಕಿದ್ದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು ಮಾತ್ರ. ಈ ಪ್ರಿಯದರ್ಶಿಯೇ ಅಶೋಕ ಎಂದು ಸಿಂಹಳದ ಪಾಳಿ ಗ್ರಂಥಗಳ ಆಧಾರದಿಂದ ಜಾರ್ಜ್ ಟರ್ನರ್ ತೋರಿಸಿದರು. ಆ ಮಾತು ಸರಿಯಾಗಿಯೇ ಇತ್ತು. ಆದರೂ ಅದು ಪುಸ್ತಕವನ್ನು ನಂಬಿ ಆಡಿದ ಮಾತು. ಬಂಡೆಯೇ ಬಾಯಿಬಿಟ್ಟು ಹೇಳಲು 78 ವರ್ಷ ಕಾಯಬೇಕಾಯಿತು. ಅಶೋಕನ ಹೆಸರಿರುವ ಬೇರೆ ಶಾಸನಗಳು ಗುಜರಾ, ನಿಟ್ಟೂರು, ಉಡೇಗೋಳಗಳಲ್ಲಿ ಸಿಕ್ಕಿದ್ದು ಆಮೇಲೆ.

ಭೂಗೋಳ, ಇತಿಹಾಸ ಓದುವ ವಿದ್ಯಾರ್ಥಿಗಳಿಗೆ ಕ್ಷೇತ್ರಕಾರ್ಯ ಎಂದರೆ ಸಾಮಾನ್ಯವಾಗಿ ಒಂದು ಪ್ರಶ್ನಾವಳಿ, ಒಂದು ನಕ್ಷೆ, ಕೊನೆಗೊಂದು ವರದಿ. ಇವೆಲ್ಲ ಬೇಕು. ಆದರೆ ಅದರ ತಿರುಳು ಇನ್ನೊಂದಿದೆ. ಕಾಗದ ಹೇಳಿದ್ದನ್ನು ನೆಲದ ಮೇಲೆ ನಿಂತು ಮತ್ತೊಮ್ಮೆ ಕೇಳುವುದು, ನಾವು ಹುಡುಕದೆ ಇದ್ದದ್ದು ಎದುರಾದರೆ ಅದನ್ನೂ ಬರೆದುಕೊಳ್ಳುವುದು. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಸುತ್ತಿನ ಸೀಮೆ ಇದನ್ನು ಮತ್ತೆ ಮತ್ತೆ ಕಲಿಸಿದೆ.

ಬೀಡನ್‌ಗಿಂತ ಮೊದಲೇ, 1870ರಲ್ಲಿ ಮತ್ತು 1888ರಲ್ಲಿ, ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಸ್ಕಿಯನ್ನು ಗಮನಿಸಿದ್ದರು. ಅವರ ನೌಕರಿ ಕಲ್ಲುಪದರಗಳ ನಕ್ಷೆ ಮಾಡುವುದು. ಆದರೆ ನೆಲದ ಮೇಲೆ ಬಿದ್ದ ಕಲ್ಲಿನ ಆಯುಧ, ಮಡಕೆಚೂರುಗಳನ್ನೂ ಆರಿಸಿ, ಯಾವುದು ಯಾವ ಊರಿನಲ್ಲಿ ಸಿಕ್ಕಿತೆಂದು ಬರೆದಿಟ್ಟರು. ಅವರು ತೀರಿಕೊಂಡ ಮೇಲೆ 1916ರಲ್ಲಿ ಬಂದ ಅವರ ಸಂಗ್ರಹದ ಪುಸ್ತಕ ಇಂದಿಗೂ ಉಪಯೋಗಕ್ಕೆ ಬರುವುದು ಈ ಕಾರಣಕ್ಕೆ. ಜಾಗದ ಹೆಸರಿಲ್ಲದ ಮಡಕೆಚೂರು ಬರೀ ಚೂರು. ಜಾಗ ಗೊತ್ತಿದ್ದರೆ ಅದು ಸಾಕ್ಷಿ.

1954ರಲ್ಲಿ ಬಿ.ಕೆ. ಥಾಪರ್ ಮಸ್ಕಿಯಲ್ಲಿ ಅಗೆದರು. ಜಾಗದ ಜೊತೆಗೆ ಈಗ ಆಳವೂ ಲೆಕ್ಕಕ್ಕೆ ಬಂತು. ಎಲ್ಲಕ್ಕಿಂತ ಕೆಳಗೆ ಕಲ್ಲು ಮತ್ತು ತಾಮ್ರ ಬಳಸಿದವರ ನೆಲೆ, ಅದರ ಮೇಲೆ ಕಬ್ಬಿಣ ಬಳಸಿದ ಬೃಹತ್ ಶಿಲಾಗೋರಿಗಳ ಕಾಲ, ಆಮೇಲೆ ಇತಿಹಾಸದ ಆರಂಭಕಾಲ, ಕೊನೆಗೆ ಮಧ್ಯಯುಗ. ಅಶೋಕನ ಆಳ್ವಿಕೆಯ ಮಾತು ಬಂಡೆಗೇರುವ ಮೊದಲೇ ಇಲ್ಲಿ ಎಷ್ಟೋ ತಲೆಮಾರುಗಳು ಬಾಳಿದ್ದವು ಎಂಬುದು ಪದರ ಪದರವಾಗಿ ಕಂಡಿತು. 2010ರಿಂದೀಚೆಗೆ ಆ್ಯಂಡ್ರೂ ಬಾವರ್ ಮತ್ತು ಪೀಟರ್ ಯೋಹಾನ್ಸನ್ ಅವರ ತಂಡ ಮಸ್ಕಿಯ ಸುತ್ತಲಿನ ನೆಲವನ್ನು ವ್ಯವಸ್ಥಿತವಾಗಿ ನಡೆದು ನೋಡಿದೆ. ಇಂಥ ಸರ್ವೇಕ್ಷಣೆಯಲ್ಲಿ ನಾಲ್ಕಾರು ಜನ ಸಮದೂರದಲ್ಲಿ ಸಾಲಾಗಿ ನಿಂತು ಹೊಲದ ಈ ಬದುವಿನಿಂದ ಆ ಬದುವಿನವರೆಗೆ ನಡೆಯುತ್ತಾರೆ. ಕಂಡದ್ದನ್ನು ಗುರುತಿಸುತ್ತಾರೆ. ಏನೂ ಕಾಣದ ಹೊಲವನ್ನೂ ಬರೆದುಕೊಳ್ಳುತ್ತಾರೆ. ‘ಇಲ್ಲಿ ಏನೂ ಇಲ್ಲ’ ಎನ್ನುವುದೂ ಒಂದು ದತ್ತಾಂಶ. ಹೊಸಬರು ಮರೆಯುವುದು ಇದನ್ನೇ.

ನೆಲವನ್ನು ನೋಡಿದರೆ ಮಾತ್ರ ಸಾಲದು, ಜನರನ್ನೂ ಕೇಳಬೇಕು ಎಂಬುದಕ್ಕೆ ಬೂದಿದಿಬ್ಬಗಳು ಉದಾಹರಣೆ. ಬಳ್ಳಾರಿಯ ಕುಡತಿನಿಯಿಂದ ರಾಯಚೂರು ದೋಆಬಿನವರೆಗೆ ಇಂಥ ದಿಬ್ಬಗಳಿವೆ. ಸುಟ್ಟ ರಾಕ್ಷಸನ ಬೂದಿ ಎಂದು ಊರವರು ಕಥೆ ಹೇಳುತ್ತಾರೆ. ವಿದ್ವಾಂಸರು ಜ್ವಾಲಾಮುಖಿ, ಕುಲುಮೆ, ಯಜ್ಞ ಎಂದೆಲ್ಲ ಊಹಿಸಿದರು. ದನದ ಸಗಣಿ ಸುಟ್ಟು ಆದದ್ದಿರಬೇಕು ಎಂದವರು ಫೂಟ್. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಅಗೆತ ಮಾಡಿದ್ದ ರೇಮಂಡ್ ಆಲ್ಚಿನ್, 1957ರಲ್ಲಿ ಕೃಷ್ಣೆಯಾಚೆಯ ಉಟ್ನೂರಿನ ದಿಬ್ಬವನ್ನು ಅಗೆದಾಗ ದೊಡ್ಡಿಯ ಬೇಲಿಗೂಟಗಳ ಗುಳಿಗಳೂ ದನಗಳ ಗೊರಸಿನ ಗುರುತುಗಳೂ ಸಿಕ್ಕವು. ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಇಂದಿನ ದನಗಾಹಿಗಳ ರೂಢಿಗಳನ್ನೂ, ಹಬ್ಬದಲ್ಲಿ ದನಗಳಿಗೆ ಕಿಚ್ಚು ಹಾಯಿಸುವ ಪದ್ಧತಿಯನ್ನೂ ಪಕ್ಕದಲ್ಲಿಟ್ಟು ನೋಡಿದರು. ರಾಕ್ಷಸನ ಕಥೆ ನಿಜವಲ್ಲದಿರಬಹುದು, ಆದರೆ ಇದು ಸುಟ್ಟ ಬೂದಿ ಎಂಬ ಊರವರ ಮಾತು ನಿಜವೇ ಆಗಿತ್ತು.

ಈಗ ಸಿಂಧನೂರಿಗೆ ಬನ್ನಿ. 1945ರಲ್ಲಿ ಶುರುವಾಗಿ 1953ರಲ್ಲಿ ನೀರು ನಿಂತ ತುಂಗಭದ್ರಾ ಅಣೆಕಟ್ಟಿನಿಂದ 227 ಕಿ.ಮೀ. ಉದ್ದದ ಎಡದಂಡೆ ಕಾಲುವೆ ಈ ಸೀಮೆಯನ್ನು ಹಾದುಹೋಗುತ್ತದೆ. ಬರದ ನಾಡಿನಲ್ಲಿ ಹೆಚ್ಚು ಜನಕ್ಕೆ ಸ್ವಲ್ಪ ಸ್ವಲ್ಪ ನೀರು ಸಿಗಲಿ ಎಂಬುದು ಯೋಜನೆ. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಂದು ಕಾಗದದಲ್ಲಿ ಮೊದಲೇ ಗೊತ್ತುಮಾಡಲಾಗಿತ್ತು. ಬಹುಪಾಲು ಜಮೀನಿಗೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ. ಇದಕ್ಕೆ ‘ಲೋಕಲೈಸೇಶನ್’ ಎಂದು ಹೆಸರು. ಕಾಲುವೆಯ ಏರಿ ಮೇಲೆ ನಿಂತು ನೋಡಿದರೆ ಕಾಣುವುದು ಭತ್ತ. 1990ರ ದಶಕದ ಆರಂಭದಲ್ಲಿ ಪೀಟರ್ ಮೊಲಿಂಗಾ ಎಂಬ ಸಂಶೋಧಕರು ಈ ಕಾಲುವೆಯ ಮೇಲೆ ಬಹುಕಾಲ ಕ್ಷೇತ್ರಕಾರ್ಯ ಮಾಡಿದರು. ತೂಬಿನಲ್ಲಿ ಹರಿಯುವ ನೀರನ್ನು ನೋಡಿದರು, ರೈತರನ್ನೂ ಇಲಾಖೆಯವರನ್ನೂ ಮಾತಾಡಿಸಿದರು. ನಕ್ಷೆಯ ಕಾಲುವೆಗೂ ನೆಲದ ಕಾಲುವೆಗೂ ನಡುವಿನ ಅಂತರವನ್ನು ಪುಸ್ತಕವಾಗಿ ಬರೆದರು.

ಈ ಅಂತರ ಬರೀ ಪಾಂಡಿತ್ಯದ ವಿಷಯವಲ್ಲ. ಮೇಲ್ಭಾಗದಲ್ಲಿ ಭತ್ತ ಹೆಚ್ಚಿದಷ್ಟೂ ಕೊನೆ ಭಾಗದ ರೈತರ ಹೊಲಕ್ಕೆ ನೀರು ಮುಟ್ಟುವುದಿಲ್ಲ. ನೀರು ನಿಂತ ಎರೆ ನೆಲ ಸವಳಾಗುತ್ತದೆ. ಇತ್ತ ಅಣೆಕಟ್ಟಿನಲ್ಲೇ ಹೂಳು ತುಂಬಿ, ಸುಮಾರು 133 ಟಿಎಂಸಿ ಇದ್ದ ಸಾಮರ್ಥ್ಯ ಸುಮಾರು 105 ಟಿಎಂಸಿಗೆ ಇಳಿದಿದೆ. ಅದು ತಿಳಿದದ್ದೂ ನೀರಿನ ಆಳವನ್ನು ಅಳೆದು ನೋಡಿದ್ದರಿಂದಲೇ. ದಾಖಲೆಯಲ್ಲಿ ನೀರಾವರಿ ಎಂದಿರುವ ಹೊಲ ಒಣಗಿರುವುದನ್ನು ಯಾರಾದರೂ ಹೋಗಿ ನೋಡಿ ಬರೆಯದಿದ್ದರೆ, ಆ ರೈತನ ದೂರು ಲೆಕ್ಕಕ್ಕೇ ಬರುವುದಿಲ್ಲ.

ಹಾಗಾಗಿ ಇಲ್ಲಿ ಕೆಲಸ ಮಾಡುವ ವಿದ್ಯಾರ್ಥಿ ಒಂದೇ ಉಪಕಾಲುವೆಯನ್ನು ಹಿಡಿದು ತಲೆಯಿಂದ ಕೊನೆಯವರೆಗೆ ನಡೆಯಲಿ. ತೂಬು ತೂಬಿಗೂ ಬೆಳೆ, ಮಣ್ಣು, ನೀರಿನ ಮಟ್ಟ, ದಿನಾಂಕ ಬರೆದುಕೊಳ್ಳಲಿ. ಎರೆ, ಮಸಾರಿ, ಸವಳು ಎಂಬ ರೈತರ ಮಾತುಗಳನ್ನು ಹಾಗೆಯೇ ಉಳಿಸಿಕೊಳ್ಳಲಿ, ಅವು ಪ್ರಯೋಗಾಲಯದ ವರದಿಗೂ ಮುಂಚಿನ ವರ್ಗೀಕರಣ. ಊರುಗಳ ಹೆಸರಿಗೆ ಅಂಟಿದ ‘ಕ್ಯಾಂಪ್’ ಎಂಬ ಪದ ಎಲ್ಲಿಂದ ಬಂತೆಂದು ಕೇಳಲಿ. ಕಾಲುವೆ ನೀರನ್ನು ನಂಬಿ ಆಂಧ್ರದ ಕರಾವಳಿಯಿಂದ ಬಂದವರ ಕಥೆಯೂ, ಪೂರ್ವ ಪಾಕಿಸ್ತಾನ ಬಿಟ್ಟು ಬಂದು ಸಿಂಧನೂರಿನ ಆರ್.ಎಚ್. ಕ್ಯಾಂಪ್‌ಗಳಲ್ಲಿ ನೆಲೆಸಿದ ಬಂಗಾಳಿಗಳ ಕಥೆಯೂ ಆಗ ತೆರೆದುಕೊಳ್ಳುತ್ತದೆ. ಜಮೀನಿನ ಒಡೆಯರನ್ನು ಕೇಳಿದ ಮೇಲೆ ಅದೇ ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರನ್ನೂ ಕೇಳಲಿ. ಇಬ್ಬರ ಉತ್ತರ ಒಂದೇ ಆಗಿರುವುದಿಲ್ಲ.

ಇದನ್ನು ಬೇಗ ಮಾಡಬೇಕಾದ ಕಾರಣವೂ ಇದೆ. ಗದ್ದೆಗೆ ನೆಲ ಮಟ್ಟ ಮಾಡಬೇಕು. ಮಟ್ಟ ಮಾಡಿದ ಹೊಲದಲ್ಲಿ ಫೂಟ್ ಆರಿಸಿದಂಥ ಚೂರುಗಳು ತಮ್ಮ ಜಾಗ ಕಳೆದುಕೊಳ್ಳುತ್ತವೆ. ಕಾಲುವೆ ಬರುವ ಮುಂಚಿನ ಜೋಳದ ಹೊಲಗಳನ್ನು ಕಣ್ಣಾರೆ ಕಂಡ ಅಜ್ಜ ಅಜ್ಜಿಯರು ಈಗ ಎಂಬತ್ತು ದಾಟಿದ್ದಾರೆ. ಅಶೋಕನ ಬಂಡೆ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಓದುವವರಿಗಾಗಿ ಕಾಯಿತು. ಇವರು ಅಷ್ಟು ಕಾಯಲಾರರು.