ಬೆರಳಚ್ಚಿನಿಂದ ಗಣಕಕ್ಕೆ: ಮನೆಗೆಲಸದ ಮತ್ತೊಂದು ಚರಿತ್ರೆ

'ಇಲ್ಲಿ ಜಾಬ್ ಟೈಪಿಂಗ್ ಮಾಡಿಕೊಡಲಾಗುವುದು' ಎಂಬ ಪುಟ್ಟ ಫಲಕ ಒಂದು ಕಾಲದಲ್ಲಿ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಸಾಮಾನ್ಯ ದೃಶ್ಯವಾಗಿತ್ತು. ಒಂದು ಬೆರಳಚ್ಚು ಯಂತ್ರ, ಒಂದು ಮೇಜು, ರಿಬ್ಬನ್ನು ಹಾಗೂ ಕಾರ್ಬನ್ ಹಾಳೆ. ಇಷ್ಟೇ ಬಂಡವಾಳ. ಹೊರಗೆ ದುಡಿಯಲು ಹೋಗಲಾಗದ ಗೃಹಿಣಿಯರಿಗೂ ನಿವೃತ್ತ ಗುಮಾಸ್ತರಿಗೂ ಪುಟದ ಲೆಕ್ಕದಲ್ಲಿ ನಾಲ್ಕು ಕಾಸು ತಂದುಕೊಡುತ್ತಿದ್ದ ವೃತ್ತಿ ಅದು.

ಶಿವಮೊಗ್ಗ–ಭದ್ರಾವತಿ ಅವಳಿ ಪಟ್ಟಣಗಳಲ್ಲಿ ಕಾಗದಪತ್ರಗಳ ವ್ಯವಹಾರಕ್ಕೆ ಎಂದೂ ಬರವಿರಲಿಲ್ಲ. ಭದ್ರಾವತಿಯಲ್ಲಿ ಮೊದಲು ಕಬ್ಬಿಣದ ಕಾರ್ಖಾನೆ, ನಂತರ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ. ಶಿವಮೊಗ್ಗದಲ್ಲಿ ಜಿಲ್ಲಾ ಕಚೇರಿ, ನ್ಯಾಯಾಲಯಗಳು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಸಂಶೋಧನಾ ಪ್ರಬಂಧಗಳೂ ಬೆರಳಚ್ಚುಗಾರರ ಮೇಜಿಗೆ ಬರುವಂತಾಯಿತು.

ಅಮೆರಿಕದಲ್ಲಿ 1868ರಲ್ಲಿ ಷೋಲ್ಸ್ ಪೇಟೆಂಟ್ ಪಡೆದ ಯಂತ್ರವನ್ನು ರೆಮಿಂಗ್ಟನ್ ಕಂಪನಿ 1874ರಲ್ಲಿ ಮಾರುಕಟ್ಟೆಗೆ ತಂದಿತು. ಅದು ಇಪ್ಪತ್ತಾರು ಅಕ್ಷರಗಳ ಭಾಷೆಗೆ ಹುಟ್ಟಿದ್ದು. ಕಾಗುಣಿತ, ಒತ್ತಕ್ಷರಗಳ ಕನ್ನಡವನ್ನು ಅಷ್ಟೇ ಕೀಲಿಗಳಲ್ಲಿ ಅಡಕಗೊಳಿಸುವುದು ಸಣ್ಣ ಸಾಹಸವಲ್ಲ. ಕನ್ನಡದ ಕೀಲಿಮಣೆಯನ್ನು ರೂಪಿಸಿದ ಕೀರ್ತಿ ಕೆ. ಅನಂತ ಸುಬ್ಬರಾವ್ ಅವರಿಗೆ ಸಲ್ಲುತ್ತದೆ. ರಾಜ್ಯಭಾಷಾ ಅಧಿನಿಯಮ 1963ರಲ್ಲಿ ಜಾರಿಗೆ ಬಂದು ಆಡಳಿತದಲ್ಲಿ ಕನ್ನಡ ಬಳಕೆ ಹೆಚ್ಚಿದಂತೆ ಕನ್ನಡ ಬೆರಳಚ್ಚು ಬಲ್ಲವರಿಗೂ ಬೇಡಿಕೆ ಬಂತು.

ಈ ಯಂತ್ರದ ದೊಡ್ಡ ಗುಣವೆಂದರೆ ಅದು ಬದಲಾಗುತ್ತಿರಲಿಲ್ಲ. ಜೂನಿಯರ್, ಸೀನಿಯರ್ ಪರೀಕ್ಷೆಗೆಂದು ಕಲಿತ ಬೆರಳಿನ ಅಭ್ಯಾಸ ಜೀವಮಾನವಿಡೀ ಅನ್ನ ನೀಡುತ್ತಿತ್ತು. ತಪ್ಪಾದರೆ ಮಾತ್ರ ಕಷ್ಟ. ಕಾರ್ಬನ್ ಪ್ರತಿಗಳನ್ನೂ ಒಂದೊಂದಾಗಿ ತಿದ್ದಬೇಕಿತ್ತು.

ಗಣಕ ತಂದ ಗೊಂದಲ

ಗಣಕಯಂತ್ರ ತಿದ್ದುವ ಕಷ್ಟವನ್ನು ನೀಗಿತು, ಆದರೆ ಕಲಿಯುವ ಕಷ್ಟವನ್ನು ಹೆಚ್ಚಿಸಿತು. ಕಿನ್ನಿಕಂಬಳ ಪದ್ಮನಾಭ ರಾವ್ ಅವರು ಇಂಗ್ಲಿಷ್ ಕೀಲಿಗಳ ಮೇಲೆಯೇ ಧ್ವನಿಗೆ ತಕ್ಕಂತೆ ಕನ್ನಡವನ್ನು ಕೂರಿಸಿದರು. 'ನ', ಜೋಡಿಸುವ ಒಂದು ಕೀಲಿ, ಮತ್ತೆ 'ನ' ಒತ್ತಿದರೆ 'ನ್ನ' ಮೂಡುತ್ತದೆ. ಒತ್ತಕ್ಷರಗಳಿಗೆ ಬೇರೆ ಕೀಲಿಗಳೇ ಬೇಡ. ಹೊಸಬರಿಗೆ ಇದು ಸರಳ. ಹಳೆಯ ಕೀಲಿಮಣೆ ಬೆರಳಿಗೆ ಅಂಟಿದ್ದವರು ಮಾತ್ರ ಕಲಿತದ್ದನ್ನು ಮರೆತು ಮತ್ತೆ ಓನಾಮದಿಂದ ಆರಂಭಿಸಬೇಕಾಯಿತು. 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ', ತರುವಾಯ ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶಗಳು ಬಂದವು. ಕನ್ನಡಕ್ಕೆ ಇವು ದೊಡ್ಡ ಕೊಡುಗೆ.

ಹೊಸ ತೊಡಕು ಅಕ್ಷರಗಳ ಒಳಸಂಕೇತದ್ದು. ಒಂದು ತಂತ್ರಾಂಶದ ಫಾಂಟಿನಲ್ಲಿ ಸಿದ್ಧಪಡಿಸಿದ ಕಡತವನ್ನು ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಂತೆ. ಪ್ರಪಂಚದ ಲಿಪಿಗಳಿಗೆಲ್ಲ ಒಂದೇ ಸಂಕೇತ ನೀಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿತ್ತು; ಬಳಕೆಗೆ ಬರಲು ವರ್ಷಗಳೇ ಹಿಡಿದವು. 'ಕರ್ನಾಟಕ' ಬರೆಯುವಾಗ ಅರ್ಕಾವತ್ತು 'ನಾ' ಆದ ಮೇಲೆ ಬರುತ್ತದೆ. ಯೂನಿಕೋಡ್‌ನಲ್ಲಾದರೋ ಉಚ್ಚಾರಣೆಯಂತೆ 'ರ್' ಮೊದಲು ದಾಖಲಾಗುತ್ತದೆ. ಹಳೆಯ ಕಡತಗಳನ್ನು ಪರಿವರ್ತಿಸುವಾಗ ಅಕ್ಷರಗಳು ಅಲ್ಲಲ್ಲಿ ಕೆಡುವುದು ಇಂಥ ಭೇದಗಳಿಂದಲೇ.

ಕಲಿಕೆಯ ವೆಚ್ಚ ಯಾರದು?

ಕಚೇರಿಯ ನೌಕರನಿಗೆ ಹೊಸ ಯಂತ್ರ ಬಂದರೆ ಅದನ್ನು ಕೊಳ್ಳುವುದು, ಕಲಿಸುವುದು ಕಚೇರಿಯ ಹೊಣೆ. ಮನೆಯಲ್ಲಿ ಕುಳಿತು ಟೈಪ್ ಮಾಡುವವರಿಗೆ ಈ ಆಸರೆ ಇಲ್ಲ. ಗಣಕ, ಪ್ರಿಂಟರ್, ತಂತ್ರಾಂಶ, ಕೆಟ್ಟರೆ ರಿಪೇರಿ, ಎಲ್ಲವೂ ಅವರ ಕೈಯಿಂದಲೇ ಆಗಬೇಕು. ಕಲಿಯಲು ಕಳೆದ ದಿನಗಳಿಗೆ ಕೂಲಿಯಿಲ್ಲ. ಪುಟವಿನ್ಯಾಸ, ಫಾಂಟ್ ಪರಿವರ್ತನೆ, ಮಿಂಚಂಚೆಯಲ್ಲಿ ರವಾನೆ ಮುಂತಾದವೂ ಅದೇ ಕೆಲಸದೊಳಗೆ ಸೇರಿಕೊಂಡವು. ಸಂಬಳದ ಲೆಕ್ಕ ಮಾತ್ರ ಪುಟದ ಮೇಲೆಯೇ.

1955ರಿಂದ ಬೆರಳಚ್ಚು ಯಂತ್ರ ತಯಾರಿಸುತ್ತಿದ್ದ ಗೋದ್ರೆಜ್ 2009ರಲ್ಲಿ ಉತ್ಪಾದನೆ ನಿಲ್ಲಿಸಿತು. ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ಸ್ಥಗಿತವಾಯಿತು. 2017ರಲ್ಲಿ ಗೂಗಲ್ ಸಂಸ್ಥೆಯ ಧ್ವನಿ ಬೆರಳಚ್ಚಿಗೆ ಕನ್ನಡವೂ ಸೇರಿತು. ಆಡಿದ ಮಾತು ಈಗ ತಾನೇ ಅಕ್ಷರವಾಗುತ್ತದೆ.

ಆದರೂ ಯಂತ್ರಕ್ಕೆ ಸುಲಭವಾಗಿ ದಕ್ಕದ ವಿದ್ಯೆಯೊಂದಿದೆ. ವಕೀಲರ ಗೀಚುಬರಹವನ್ನು ಬಿಡಿಸಿ ಓದುವುದು, ಅಲ್ಪಪ್ರಾಣ–ಮಹಾಪ್ರಾಣದ ತಪ್ಪನ್ನು ಕಣ್ಣೋಟದಲ್ಲೇ ಹಿಡಿಯುವುದು, ಸರ್ವೆ ನಂಬರು ತಾಳೆ ನೋಡುವುದು ವರ್ಷಗಳ ಅನುಭವದಿಂದ ಬಂದದ್ದು. ಯಂತ್ರ ಬದಲಾದಾಗಲೆಲ್ಲ ಇದನ್ನು ಹೊಸದಾಗಿ ಕಲಿಯಬೇಕಿಲ್ಲ. ಬೆರಳಿನ ವೇಗಕ್ಕೆ ಬೆಲೆ ಕಡಿಮೆಯಾಗುತ್ತಿರುವ ದಿನಗಳಲ್ಲಿ ಈ ಕಣ್ಣಿನ ಕೆಲಸಕ್ಕೂ ದರ ನಿಗದಿಯಾಗಬೇಕು. ಪುಟ ಎಣಿಸಿ ಹಣ ಕೊಡುವ ಹಳೆಯ ಲೆಕ್ಕದಲ್ಲಿ ಅದಕ್ಕೆ ಜಾಗವಿಲ್ಲ.