ನೈರೋಬಿ ಕೋರ್ಟು ಹತ್ತಿದ ಬಳ್ಳಾರಿ ಜಾಲಿ

2006ರಲ್ಲಿ ಕೀನ್ಯಾದ ಬರಿಂಗೊ ಸೀಮೆಯ ಜನ ಒಂದು ಮರದ ವಿಷಯವಾಗಿ ಸರ್ಕಾರದ ಮೇಲೆ ನೈರೋಬಿಯ ಹೈಕೋರ್ಟಿನಲ್ಲಿ ದಾವೆ ಹೂಡಿದರು. ಸಾಕ್ಷಿಗೆಂದು ಹಲ್ಲು ಉದುರಿದ ಮೇಕೆಯನ್ನೂ ಕೋರ್ಟಿಗೆ ಕರೆತಂದರು. ಆ ಮರದ ಸಿಹಿ ಕಾಯಿ ತಿಂದೂ ತಿಂದೂ ಸಕ್ಕರೆ ಅಂಟಿ ಮೇಕೆಗಳ ಹಲ್ಲು ಹುಳುಕಾಗುತ್ತಿತ್ತು. ಅಲ್ಲಿ ಅದರ ಹೆಸರು ಮಥೆಂಗೆ. ನಮಗದು ಬಳ್ಳಾರಿ ಜಾಲಿ.

ಇದರ ತವರು ಅಮೆರಿಕ ಖಂಡ. 1877ರ ಸುಮಾರಿಗೆ ಜಮೈಕಾದ ಬೀಜ ತರಿಸಿ ಕಡಪ ಜಿಲ್ಲೆಯ ಕಮಲಾಪುರಂನಲ್ಲಿ ಬೆಳೆಸಿದರು. ಆಗ ಕಡಪ, ಬಳ್ಳಾರಿ ಎರಡೂ ಮದ್ರಾಸ್ ಪ್ರಾಂತ್ಯದವು. ಬರಿಂಗೊದಲ್ಲಿ ನೆಟ್ಟದ್ದು 1980ರ ದಶಕದ ಆರಂಭದಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನ ಯೋಜನೆಯಲ್ಲಿ. ಬರದ ಸೀಮೆಗೆ ಸೌದೆ ಸಿಗಲಿ, ಮಣ್ಣು ನಿಲ್ಲಲಿ ಎಂಬ ಒಳ್ಳೆಯ ಯೋಚನೆಯೇ. ಆದರೆ ಕಾಯಿ ತಿಂದ ದನ, ಮೇಕೆಗಳು ಹೋದಲ್ಲೆಲ್ಲ ಬೀಜ ಬಿತ್ತಿದವು, ಹುಲ್ಲುಗಾವಲು ಮುಳ್ಳಿನ ಪೊದೆಯಾಯಿತು. 2008ರಲ್ಲಿ ಕೀನ್ಯಾ ಸರ್ಕಾರ ಇದನ್ನು ಹಾನಿಕಾರಕ ಕಳೆ ಎಂದು ಘೋಷಿಸಿತು.

ಯುಎಇ, ಒಮಾನ್‌ಗಳಲ್ಲೂ ಇದೇ ಮರ ಹಬ್ಬಿದೆ. ಇಲ್ಲಿಯ ಘಾಫ್ ಮರಕ್ಕೆ ಇದು ದಾಯಾದಿ. ಘಾಫ್ ಎಂದರೆ ಬೇರೇನಲ್ಲ, ದಸರೆಯಲ್ಲಿ ನಾವು ಪೂಜಿಸುವ ಬನ್ನಿಯೇ! ಬನ್ನಿಯ ನೆಲವನ್ನು ಜಾಲಿ ಕಬಳಿಸುತ್ತಿದೆ ಎಂದರೆ ನಮಗೂ ಸ್ವಲ್ಪ ಸಂಕಟವಾಗಬೇಕು.

ಕೀನ್ಯಾದಲ್ಲಿ ಕಡಿದ ಮರ ಹೆಚ್ಚಾಗಿ ಇದ್ದಿಲಾಗುತ್ತದೆ. ತೊಗಟೆಯಿಂದ ಬಟ್ಟೆಗೆ ಬಣ್ಣವನ್ನೂ ತೆಗೆಯಬಹುದು. ಔಷಧಾಲಯದಲ್ಲಿ ಕೆಲಸ ಮಾಡುವ ನನಗೆ ಇದರ ರಸಾಯನ ಹಳೆಯ ಪರಿಚಯ. ಕಬ್ಬಿಣಾಂಶದ ಮಾತ್ರೆ ಕೊಡುವಾಗ "ಚಹಾದ ಜೊತೆ ನುಂಗಬೇಡಿ" ಎನ್ನುತ್ತೇವಲ್ಲ? ಚಹಾದ ಒಗರು, ಅಂದರೆ ಟ್ಯಾನಿನ್, ಕಬ್ಬಿಣವನ್ನು ಹಿಡಿದುಕೊಂಡುಬಿಡುತ್ತದೆ, ಮೈಗೆ ಸೇರಗೊಡುವುದಿಲ್ಲ. ಜಾಲಿ ತೊಗಟೆಯಲ್ಲೂ ಟ್ಯಾನಿನ್ ಇದೆ. ತೊಗಟೆಯನ್ನು ಜಜ್ಜಿ, ನೀರಿನಲ್ಲಿ ಸಣ್ಣ ಉರಿಯಲ್ಲಿ ಕುದಿಸಿ ಸೋಸಿ, ಆ ಕಷಾಯದಲ್ಲಿ ಹತ್ತಿ ಬಟ್ಟೆ ನೆನೆಸಬೇಕು. ಆಮೇಲೆ ತುಸು ಅನ್ನಭೇದಿ ಕರಗಿಸಿದ ನೀರಿಗೆ ಅದ್ದಿದರೆ ಬಟ್ಟೆ ಬೂದುಗಪ್ಪಾಗುತ್ತದೆ. ಮಾತ್ರೆಯನ್ನು ಕೆಡಿಸುವ ಗುಣವೇ ಇಲ್ಲಿ ಬಣ್ಣ ಕಚ್ಚಿಸುತ್ತದೆ. ಅನ್ನಭೇದಿ ಹೆಚ್ಚಾದರೆ ನೂಲು ಜೀರ್ಣವಾಗುತ್ತದೆ, ಅಳತೆ ತಪ್ಪಬಾರದು. ಅದರ ಬದಲು ಪಟಿಕ ಹಾಕಿದರೆ ಬಣ್ಣ ಅಷ್ಟು ಕಪ್ಪಾಗುವುದಿಲ್ಲ.

ಬಣ್ಣದಿಂದ ಮರದ ಕಾಟ ತೀರುತ್ತದೆಂದು ಮಾತ್ರ ನಾನು ನಂಬುವುದಿಲ್ಲ. ಒಂದು ಬಟ್ಟೆಗೆ ಬೇಕಾಗುವುದು ಒಂದಿಷ್ಟು ತೊಗಟೆ. ಕಡಿದ ಬುಡವೋ ಮತ್ತೆ ಚಿಗುರುತ್ತದೆ. ಅದಕ್ಕಿಂತ ಭಯವೆಂದರೆ, ಬಣ್ಣಕ್ಕೆ ಒಳ್ಳೆಯ ಬೆಲೆ ಬಂತೆಂದು ಯಾರಾದರೂ ಇದನ್ನೇ ನೆಡಲು ಹೊರಟಾರು. ಬೇರುಸಹಿತ ಕಿತ್ತ ಮರದ ತೊಗಟೆಯನ್ನಷ್ಟೇ ಕೊಳ್ಳುತ್ತೇವೆಂದು ಬಣ್ಣ ಹಾಕುವವರು ಮೊದಲೇ ಹೇಳಿಬಿಡಬೇಕು.