ಚಳಿಗಾಲಕ್ಕೆ ಮಲಗುತ್ತಿದ್ದ ಕಾರು

ಕಾರು ವರ್ಷವಿಡೀ ಓಡುವ ವಾಹನ ಎಂದು ನಾವು ತಿಳಿದಿದ್ದೇವೆ. ಇಪ್ಪತ್ತನೆಯ ಶತಮಾನದ ಮೊದಲೆರಡು ದಶಕಗಳಲ್ಲಿ ಹಾಗಿರಲಿಲ್ಲ. ಅಮೆರಿಕದ ವರ್ಮಾಂಟ್, ಮಿಷಿಗನ್, ಮಿನ್ನೆಸೋಟದಂಥ ಉತ್ತರದ ರಾಜ್ಯಗಳಲ್ಲಿ ಕಾರಿಗೂ ಒಂದು ಋತುವಿತ್ತು. ಹಿಮ ಬೀಳತೊಡಗಿದರೆ ಅನೇಕರು ಅದನ್ನು ಕೊಟ್ಟಿಗೆಗೆ ಸೇರಿಸುತ್ತಿದ್ದರು. ಹಿಮ ಕರಗಿ, ರಸ್ತೆಯ ಕೆಸರು ಒಣಗಿದ ಮೇಲೆಯೇ ಹೊರಗೆ ತೆಗೆಯುತ್ತಿದ್ದರು. ನಡುವಿನ ತಿಂಗಳುಗಳೆಲ್ಲ ಕುದುರೆಯವು, ಚಕ್ರವಿಲ್ಲದ ಜಾರುಬಂಡಿಯವು.

ಕಾರನ್ನು ಮಲಗಿಸುವುದಕ್ಕೂ ಒಂದು ಕ್ರಮವಿತ್ತು. ಮೊದಲು ರೇಡಿಯೇಟರ್ ಮತ್ತು ಎಂಜಿನ್ನಿನ ನೀರನ್ನು ಹನಿ ಉಳಿಯದಂತೆ ಬಸಿಯಬೇಕು. ನೀರು ಮಂಜುಗಡ್ಡೆಯಾದಾಗ ಶೇ. 9ರಷ್ಟು ಹಿಗ್ಗುತ್ತದೆ, ಎರಕದ ಕಬ್ಬಿಣವನ್ನು ಸೀಳಲು ಅಷ್ಟು ಸಾಕು. ಸಿಲಿಂಡರುಗಳ ಒಳಗೆ ತುಸು ಎಣ್ಣೆ ಬಿಟ್ಟು, ಹ್ಯಾಂಡಲ್ ತಿರುಗಿಸಿ ಗೋಡೆಗೆಲ್ಲ ಸವರಿಸಬೇಕು, ಇಲ್ಲದಿದ್ದರೆ ತುಕ್ಕು. ಟೈರುಗಳ ಮೇಲೆ ಭಾರ ಬೀಳದಂತೆ ಗಾಡಿಯನ್ನು ಮರದ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಬೇಕು. 1912ರಲ್ಲಿ ಕ್ಯಾಡಿಲಾಕ್ ವಿದ್ಯುತ್ ಸ್ಟಾರ್ಟರ್ ತಂದ ಮೇಲೆ ಬ್ಯಾಟರಿಯ ಉಪಚಾರವೂ ಸೇರಿತು. ಚಾರ್ಜ್ ತುಂಬಿದ ಬ್ಯಾಟರಿ ಕಡುಚಳಿಯನ್ನೂ ತಾಳುತ್ತದೆ. ಖಾಲಿಯಾದದ್ದು ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ಹೆಪ್ಪುಗಟ್ಟಿ ಒಡೆಯುತ್ತದೆ. ಕೊನೆಗೆ ಇಲಿಗಳ ಕಾಟ. ಸೀಟಿನೊಳಗೆ ತುಂಬಿರುತ್ತಿದ್ದುದು ಕುದುರೆಯ ಕೂದಲು, ಗೂಡು ಕಟ್ಟಲು ಹೇಳಿ ಮಾಡಿಸಿದ್ದು.

ಹಳ್ಳಿಗಳಲ್ಲಿ ಕಾರನ್ನು ಮೊದಲು ಕೊಂಡವರಲ್ಲಿ ವೈದ್ಯರು ಹಲವರು. ಹಿಮದ ಸೀಮೆಯಲ್ಲಿ ಕಾರು ಕೊಂಡರೂ ಕುದುರೆಯನ್ನು ಮಾರುವ ಹಾಗಿರಲಿಲ್ಲ. ಜನವರಿಯ ರಾತ್ರಿ ಹೆರಿಗೆಗೆ ಕರೆ ಬಂದರೆ ಹೊರಡಬೇಕಾದದ್ದು ಜಾರುಬಂಡಿಯೇ.

ಇದಕ್ಕೆ ಎಂಜಿನ್ನಿನಷ್ಟೇ ರಸ್ತೆಯೂ ಕಾರಣ. ಆಗ ಊರಿನವರು ಹಿಮವನ್ನು ತೆಗೆಯುತ್ತಿರಲಿಲ್ಲ, ತುಳಿಸುತ್ತಿದ್ದರು. ಮರದ ದೊಡ್ಡ ರೋಲರುಗಳನ್ನು ಹಲವು ಕುದುರೆಗಳಿಂದ ಎಳೆಸಿ ಹಿಮವನ್ನು ಗಟ್ಟಿ ಹಾಸಾಗಿ ಮಾಡುತ್ತಿದ್ದರು. ಜಾರುಬಂಡಿಗೆ ಅದು ರಾಜಮಾರ್ಗ. ಚಾವಣಿ ಇರುವ ಸೇತುವೆಗಳ ಒಳಗೆ ಹಿಮ ಬೀಳುವುದಿಲ್ಲವಲ್ಲ, ಅಲ್ಲಿ ಹೊರಗಿನ ಹಿಮವನ್ನು ಸಲಿಕೆಯಿಂದ ತಂದು ಹರಡುತ್ತಿದ್ದರು! ಕಾರಿಗೆ ಬೇಕಾದದ್ದು ಇದರ ತದ್ವಿರುದ್ಧ: ಹಿಮ ಬಾಚಿದ ಬರಿಯ ನೆಲ. ಬರಿಯ ನೆಲದಲ್ಲಿ ಜಾರುಬಂಡಿ ಕಚ್ಚಿ ನಿಲ್ಲುತ್ತದೆ. ಒಂದೇ ರಸ್ತೆ ಇಬ್ಬರಿಗೂ ಒದಗುವಂತಿರಲಿಲ್ಲ. ಹಿಮವನ್ನು ತುಳಿಸುವುದೋ ಬಾಚುವುದೋ ಎಂಬ ಪ್ರಶ್ನೆಯ ಹಿಂದೆ ರಸ್ತೆ ಯಾರದು ಎಂಬ ಪ್ರಶ್ನೆಯಿತ್ತು.

1920ರ ದಶಕದಲ್ಲಿ ಉತ್ತರ ಕಾರಿನ ಕಡೆಗೆ ವಾಲಿತು. 1919ರ ಸುಮಾರಿಗೆ ಅಮೆರಿಕದಲ್ಲಿ ತಯಾರಾಗುತ್ತಿದ್ದ ಹತ್ತು ಕಾರುಗಳಲ್ಲಿ ಒಂಬತ್ತು ತೆರೆದವು. ಮೇಲೆ ಮಡಚುವ ಬಟ್ಟೆ ಅಷ್ಟೆ. ಹಡ್ಸನ್ ಕಂಪನಿ 1922ರಲ್ಲಿ ಎಸೆಕ್ಸ್ ಎಂಬ ಅಗ್ಗದ ಮುಚ್ಚಿದ ಕಾರನ್ನು ಮಾರುಕಟ್ಟೆಗೆ ತಂದಿತು. ದಶಕ ಮುಗಿಯುವ ಹೊತ್ತಿಗೆ ಲೆಕ್ಕ ತಲೆಕೆಳಗಾಗಿ, ಮುಚ್ಚಿದ ಕಾರೇ ರೂಢಿಯಾಯಿತು. ನೀರು ಹೆಪ್ಪುಗಟ್ಟದಿರಲು ಜನ ಆಲ್ಕೋಹಾಲ್, ಗ್ಲಿಸರಿನ್, ಜೇನುತುಪ್ಪವನ್ನೂ ಬೆರೆಸಿ ನೋಡಿದ್ದರು. ಆಲ್ಕೋಹಾಲ್ ಎಂಜಿನ್ನಿನ ಶಾಖಕ್ಕೆ ಆವಿಯಾಗಿ ಹೋಗುತ್ತಿತ್ತು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶಾರ್ಲ್ ಅಡಾಲ್ಫ್ ವೂರ್ಟ್ಜ್ 1850ರ ದಶಕದಲ್ಲೇ ತಯಾರಿಸಿದ್ದ ಎಥಿಲೀನ್ ಗ್ಲೈಕಾಲ್ ಕುದಿಯುವುದು 197 ಡಿಗ್ರಿ ಸೆಲ್ಸಿಯಸ್‌ನಲ್ಲಿ. 1927ರಲ್ಲಿ ಅದು ಪ್ರೆಸ್ಟೋನ್ ಎಂಬ ಹೆಸರಿನಲ್ಲಿ ಅಂಗಡಿಗೆ ಬಂತು. ನಮ್ಮ ಕಾರುಗಳಿಗೆ ಹಾಕುವ ಹಸಿರು ಕೂಲಂಟ್ ಸಾಮಾನ್ಯವಾಗಿ ಅದೇ ದ್ರವದ್ದು.

ಗಾಜು, ದ್ರವ, ಹಿಮ ಬಾಚುವ ಯಂತ್ರ ಮೂರೂ ಕೂಡಿದಾಗ ಕುದುರೆಯ ಕೊನೆಯ ಋತುವೂ ಕೈತಪ್ಪಿತು. ಬೇಸಿಗೆಯನ್ನು ಅದು ಆಗಲೇ ಕಳೆದುಕೊಂಡಿತ್ತು. ವೈದ್ಯ ಬೇಗ ಬಂದ, ಹಾಲು ಪೇಟೆಗೆ ದಿನವೂ ಹೋಯಿತು. ಇವು ಸಣ್ಣ ಲಾಭಗಳಲ್ಲ. ಆದರೆ ಆಯ್ಕೆಯೂ ಹೋಯಿತು. ರಸ್ತೆ ಬಾಚಿದ ಊರಿನಲ್ಲಿ ಕಾರಿಲ್ಲದವನಿಗೆ ಜಾರುಬಂಡಿಯೂ ಇಲ್ಲ.

ಚಳಿದೇಶಗಳಲ್ಲಿ ಈಗಲೂ ಕೆಲವು ಕಾರುಗಳು ಚಳಿಗಾಲಕ್ಕೆ ಮಲಗುತ್ತವೆ. ಹೆಚ್ಚಾಗಿ ಅವು ಹಳೆಯ ಕಾರುಗಳು, ಅಕ್ಕರೆಯಿಂದ ಕಾಪಾಡಿಕೊಂಡವು. ಅವಕ್ಕೆ ಭಯ ಹಿಮದ್ದಲ್ಲ, ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪಿನದು. ಹೊಸ ಕಾರುಗಳು ವರ್ಷವಿಡೀ ಓಡಲೆಂದು ಸುರಿದ ಆ ಉಪ್ಪೇ ಹಳೆಯ ಕಾರಿನ ತಗಡನ್ನು ತಿನ್ನುತ್ತದೆ.